ಹುಣಸೆ ಸುಗ್ಗಿ ಮುಗಿದ ಮೇಲೆ ಬಂದ ದುಡ್ಡು: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ, ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರು. 16 ವರ್ಷದಿಂದ ಕೊನೆಯ ವರ್ಷದ ಮಕ್ಕಳ ಪ್ರಾಜೆಕ್ಟುಗಳಿಗೆ ಗೈಡ್ ಆಗಿದ್ದೇನೆ. ಈ ಪತ್ರ 20,000 ರೂಪಾಯಿ ಬಗ್ಗೆ. ನಿಮ್ಮ ಬಜೆಟ್ಟಿನಲ್ಲಿ ಇಷ್ಟು ಸಣ್ಣ ಮೊತ್ತ ಕಣ್ಣಿಗೂ ಬೀಳುವುದಿಲ್ಲ, ಗೊತ್ತು. ಆದರೂ ಸ್ವಲ್ಪ ಹೊತ್ತು ಕೊಡಿ.

ನಮ್ಮ ಕಡೆ ಸಂಕ್ರಾಂತಿ ಕಳೆದರೆ ಹುಣಸೆ ಸುಗ್ಗಿ. ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ತುಮಕೂರಿನ ಎಪಿಎಂಸಿ ಯಾರ್ಡಿಗೆ ಚೀಲಗಟ್ಟಲೆ ಹಣ್ಣು ಬಂದು ಬೀಳುತ್ತದೆ. ಆದರೆ ಮರದಿಂದ ಬಡಿದು ಉದುರಿಸಿದ ಹಣ್ಣು ಹಾಗೇ ಚೀಲ ಸೇರುವುದಿಲ್ಲ. ಓಡು ಬಿಡಿಸಬೇಕು, ನಾರು ಎಳೆಯಬೇಕು, ಕುಟ್ಟಿ ಬೀಜ ತೆಗೆಯಬೇಕು. ಇದೆಲ್ಲ ಹೆಂಗಸರ ಕೆಲಸ. ಜಗಲಿ ಮೇಲೆ ಕಾಲು ಚಾಚಿ ಕೂತು, ಮುಂದೆ ಒಂದು ಕಲ್ಲು ಇಟ್ಟುಕೊಂಡು, ಬೆಳಿಗ್ಗೆಯಿಂದ ಕುಟ್ಟುತ್ತಾರೆ. ಕೂಲಿ ಕೆಜಿ ಲೆಕ್ಕ. ಸಂಜೆ ಹೊತ್ತಿಗೆ ಬೆರಳೆಲ್ಲ ಕಪ್ಪು. ಉಗುರಿನ ಸಂದಿಗೆ ಹುಳಿ ಇಳಿದು ಉರಿಯುತ್ತದೆ, ಅನ್ನ ಕಲಸುವುದಕ್ಕೂ ಆಗುವುದಿಲ್ಲ.

ಎರಡು ವರ್ಷದ ಹಿಂದೆ ನನ್ನ ಒಬ್ಬ ವಿದ್ಯಾರ್ಥಿನಿ ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. "ನಮ್ಮಮ್ಮನ ಬೆರಳು ಸಾರ್. ಇದಕ್ಕೊಂದು ಮಿಷನ್ ಮಾಡೋಣ್ವಾ?" ಅಂದಳು. ನಾಲ್ಕು ಜನರ ತಂಡ ಆಯಿತು. ಬೀಜ ಬಿಡಿಸುವ ಯಂತ್ರಗಳು ಮಾರುಕಟ್ಟೆಯಲ್ಲಿ ಇಲ್ಲದೇ ಇಲ್ಲ. ಆದರೆ ಮನೆ ಜಗಲಿಯಲ್ಲಿ ಇಟ್ಟು, ಮನೆ ಕರೆಂಟಿನಲ್ಲೇ ಓಡಿಸಿ, ನಾಲ್ಕು ಮನೆಯವರು ಹಂಚಿಕೊಳ್ಳುವಂಥದ್ದು ಬೇಕಿತ್ತು. ಸೆಪ್ಟೆಂಬರಿನಲ್ಲಿ ಒಂದು ಯೋಜನೆಗೆ ಅರ್ಜಿ ಹಾಕಿದೆವು. ಯಾವ ಯೋಜನೆ, ಯಾವ ಕಚೇರಿ ಅಂತ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಯಾರೋ ಒಬ್ಬ ಗುಮಾಸ್ತರಿಗೆ ನೋಟಿಸ್ ಹೋಗುತ್ತದೆ, ಪದ್ಧತಿ ಹಾಗೇ ಉಳಿಯುತ್ತದೆ.

ಜನವರಿಯಲ್ಲಿ 20,000 ರೂಪಾಯಿ ಮಂಜೂರಾದ ಪತ್ರ ಬಂತು. ದುಡ್ಡು ಬಂದದ್ದು ಮಾರ್ಚ್ 27ಕ್ಕೆ. 31ರೊಳಗೆ ಖರ್ಚು ಮಾಡಿ ಯುಸಿ, ಅಂದರೆ ದುಡ್ಡು ಬಳಸಿದ್ದಕ್ಕೆ ಪ್ರಮಾಣಪತ್ರ, ಕಳಿಸಬೇಕು. ಅಂದರೆ ನಾಲ್ಕು ದಿನ, ಅದರಲ್ಲೊಂದು ಭಾನುವಾರ.

ಮಕ್ಕಳು ಅಲ್ಲಿಯವರೆಗೆ ಸುಮ್ನೆ ಕೂರಲಿಲ್ಲ. ಸುಗ್ಗಿ ಕಾಯುತ್ತದಾ? ಕೈಯಿಂದ ಹಾಕಿ ಮಾಡಿದ್ದರು. ಒಟ್ಟು ಖರ್ಚು 17,400 ರೂಪಾಯಿ. ಗುಜರಿಯಲ್ಲಿ ಸಿಕ್ಕ ಹಳೇ ಅರ್ಧ ಎಚ್‌ಪಿ ಮೋಟಾರಿಗೆ 1,800. ಆಂಗಲ್, ಶೀಟು 4,250. ರೋಲರ್ ಕಡೆಸಿದ ಲೇತ್ ಕೆಲಸಕ್ಕೆ 5,200. ಬೆಲ್ಟು, ಪುಲ್ಲಿ, ಬೇರಿಂಗ್, ವೈರಿಂಗ್ ಎಲ್ಲ ಸೇರಿ 6,150. ಫೋಟೋ ತೋರಿಸಿದ ಹುಡುಗಿ ತನ್ನ ಪಾಲಿನ ದುಡ್ಡನ್ನು ಅಮ್ಮನ ಸಂಘದ ಸಾಲದಿಂದ ತಂದಿದ್ದಳು. ಹುಣಸೆ ಕುಟ್ಟಿದ ಕೂಲಿಯಲ್ಲಿ ವಾರವಾರ ಕಂತು ಕಟ್ಟುವ ಸಾಲ ಅದು. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಬಿಲ್ಲುಗಳನ್ನು ಕಳಿಸಿದೆವು. ಮೋಟಾರಿಗೆ ಬಿಲ್ಲೇ ಇಲ್ಲ, ಹೋಯಿತು. ಆಂಗಲ್ಲಿನ ಬಿಲ್ಲು ಡಿಸೆಂಬರಿನದು, ಮಂಜೂರಾತಿಗಿಂತ ಹಿಂದಿನದು, ಅದೂ ಹೋಯಿತು. ಲೇತ್ ಅಂಗಡಿಯವರು ಕೊಟ್ಟದ್ದು ಬಿಳಿ ಚೀಟಿ. ಜಿಎಸ್‌ಟಿ ನಂಬರ್ ಇಲ್ಲದ ಚೀಟಿ ನಡೆಯುವುದಿಲ್ಲ ಎಂದರು. ಪಾಸಾದದ್ದು 6,150 ಮಾತ್ರ. ಉಳಿದ 13,850 ರೂಪಾಯಿಯನ್ನು ವಾಪಸ್ ಕಟ್ಟಿದೆವು. ಕೈ ಬಿಟ್ಟ 11,250 ರೂಪಾಯಿಯಲ್ಲಿ ನಾನು 3,250 ಹಾಕಿಕೊಂಡೆ, ಮಕ್ಕಳು ತಲಾ ಎರಡು ಸಾವಿರ ಕಳೆದುಕೊಂಡರು. ಸರ್ಕಾರದ ಲೆಕ್ಕದಲ್ಲಿ ಇದು ಉಳಿತಾಯ ಅಂತ ಬಿದ್ದಿರಬೇಕು.

ಆ ಲೇತ್ ಅಂಗಡಿಯ ವಿಷಯಕ್ಕೆ ಇನ್ನೊಂದು ಸಲ ಬರುತ್ತೇನೆ, ಯಾಕೆಂದರೆ ನನಗೆ ಜಾಸ್ತಿ ಸಿಟ್ಟು ಬಂದದ್ದು ಅಲ್ಲಿ. ತಗಡಿನ ಶೆಡ್ಡು, ಒಂದು ಲೇತು, ಒಂದು ವೆಲ್ಡಿಂಗ್ ಸೆಟ್ಟು. ಯಜಮಾನರೇ ಕೆಲಸಗಾರರು. ಮಕ್ಕಳ ಡ್ರಾಯಿಂಗ್ ನೋಡಿ, "ಇಷ್ಟು ತೂಕದ ರೋಲು ಹಾಕಿದರೆ ಈ ಮೋಟಾರು ಎಳೆಯಲ್ಲಪ್ಪ" ಅಂತ ತಿದ್ದಿದವರು ಅವರು. ನಾನು ತಿದ್ದಬೇಕಿತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸೇವೆ ಒದಗಿಸುವವರ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ ಎಂದು ಕಾನೂನೇ ಹೇಳುತ್ತದೆ. ಕಾನೂನು ಬೇಡ ಎಂದ ನಂಬರನ್ನು ಕಚೇರಿ ಬೇಕು ಎನ್ನುತ್ತದೆ. ಅವರೇನು ಕಳ್ಳಲೆಕ್ಕದವರಲ್ಲ, ಸಣ್ಣವರು ಅಷ್ಟೇ. ಹಳ್ಳಿಗೆ ಬೇಕಾದ ಕೆಲಸ ಮಾಡಿಕೊಡುವವರೆಲ್ಲ ಸಣ್ಣವರೇ ಅಲ್ವಾ?

ಈಗ ಇದರ ಇನ್ನೊಂದು ಮುಖ ನೋಡಿ. ದುಡ್ಡು ಕೊಟ್ಟರೆ ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳಿವೆ. ನಮ್ಮ ಕ್ಷೇತ್ರದಲ್ಲಿ ಇದು ಗುಟ್ಟೇನಲ್ಲ. ವರದಿ ಸಮೇತ, ಪಿಪಿಟಿ ಸಮೇತ ಕಟ್ಟಿ ಕೊಡುತ್ತಾರೆ. ಜೊತೆಗೆ ಜಿಎಸ್‌ಟಿ ನಂಬರ್ ಇರುವ ಪಕ್ಕಾ ಬಿಲ್ಲು, ನಿಮಗೆ ಬೇಕಾದ ತಾರೀಖಿಗೆ. ಮಾರ್ಚ್ ಕೊನೆಯ ನಾಲ್ಕು ದಿನದಲ್ಲಿ 20,000 ರೂಪಾಯಿಯನ್ನು ಕಾಗದದ ಮೇಲೆ ಒಂದು ಚುಕ್ಕೆಯೂ ತಪ್ಪದಂತೆ ಖರ್ಚು ಮಾಡಲು ಆಗುವುದು ಅಂಥ ಕಡೆ ಮಾತ್ರ. ಮೋಸ ತಡೆಯಲು ಮಾಡಿದ ನಿಯಮದಲ್ಲಿ ಮೋಸ ಮಾಡುವವನು ಸಲೀಸಾಗಿ ಪಾಸಾಗುತ್ತಾನೆ. ಬೆವರು ಸುರಿಸಿ ಮಾಡಿದವನ ಚೀಟಿ ವಾಪಸ್ ಬರುತ್ತದೆ.

ಯಂತ್ರದ ಕಥೆ ಏನಾಯಿತು ಅಂತ ಕೇಳುತ್ತೀರೇನೋ. ಫೆಬ್ರವರಿ ಕೊನೆಗೆ ಊರಿಗೆ ತೆಗೆದುಕೊಂಡು ಹೋದೆವು. ಮೊದಲ ಬುಟ್ಟಿ ಚೆನ್ನಾಗಿ ಬಂತು, ಚಪ್ಪಾಳೆ ಬಿತ್ತು. ಎರಡನೇ ಬುಟ್ಟಿಗೆ ಬೀಜ ಒಡೆದು ಹಣ್ಣಿನಲ್ಲೇ ಸೇರಿಕೊಂಡಿತು. ಒಬ್ಬ ಅಜ್ಜಿ ಒಂದು ಹಿಡಿ ಎತ್ತಿ ಮೂಸಿ ನೋಡಿ, "ಇದು ಹೊಲದ ಬದುವಿನ ಮರದ್ದು, ಅದು ಕೆರೆ ಏರಿದು. ಒಂದೊಂದು ಮರದ ಬೀಜ ಒಂದೊಂದು ಗಾತ್ರ ಕಣಪ್ಪ. ನಿಮ್ ರೋಲು ಮಾತ್ರ ಎಲ್ಲಾದಕ್ಕೂ ಒಂದೇ" ಅಂದರು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವರು ಮುಖ ಮುಖ ನೋಡಿಕೊಂಡರು. ನಾನೂ ನೋಡಿಕೊಂಡೆ.

ರೋಲರ್ ನಡುವಿನ ಸಂದಿಯನ್ನು ಹೆಚ್ಚು ಕಡಿಮೆ ಮಾಡಲು ಎರಡು ಸ್ಕ್ರೂ ಕೂರಿಸಿದರೆ ಸಾಕಿತ್ತು. ಲೇತ್ ಅಂಗಡಿಯವರು 900 ರೂಪಾಯಿ ಅಂದರು. ಆದರೆ ಅಷ್ಟರಲ್ಲಿ ವರದಿ ಒಪ್ಪಿಸಿ ಆಗಿತ್ತು, ಮಕ್ಕಳಿಗೆ ಪರೀಕ್ಷೆ, ಆಮೇಲೆ ಒಬ್ಬೊಬ್ಬರೂ ಒಂದೊಂದು ದಾರಿ ಹಿಡಿದರು. ಮುಂದಿನ ವರ್ಷದ ತಂಡಕ್ಕೆ ಇದೇ ಕೆಲಸ ಮುಂದುವರಿಸಿ ಎಂದು ಅರ್ಜಿ ಬರೆಸಿದೆ. "ಈಗಾಗಲೇ ಅನುದಾನ ಪಡೆದು ಪೂರ್ಣಗೊಂಡ ಪ್ರಾಜೆಕ್ಟ್" ಎಂಬ ಒಂದು ಸಾಲಿನ ಉತ್ತರ ಬಂತು. ಯಂತ್ರ ಈಗ ನಮ್ಮ ವರ್ಕ್‌ಶಾಪಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿದೆ.

ಮೊದಲ ಸಲಕ್ಕೇ ಸರಿಯಾಗುವ ಕೆಲಸ ಇದಲ್ಲ ಅನ್ನುವುದು ನಮ್ಮ ಜಿಲ್ಲೆಗೆ ಹೊಸ ಪಾಠವೂ ಅಲ್ಲ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿಯವರು ಮತ್ತು ಜೊತೆಗಾರರು ಹಳ್ಳಿಗಳಿಗಾಗಿ ಅಸ್ತ್ರ ಎಂಬ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕ್ಷೇತ್ರ ಕೇಂದ್ರ ಇತ್ತು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ನಿಮಗೂ ನೆನಪಿರಬಹುದು. ಅದೇ ತಾಲ್ಲೂಕಿನ ಪುರ ಎಂಬ ಸಣ್ಣ ಊರಿನಲ್ಲಿ ಎಲ್ಲರ ಮನೆಯ ಸಗಣಿ ಸೇರಿಸಿ ಗೋಬರ್ ಗ್ಯಾಸ್ ಮಾಡಿ ಒಲೆ ಉರಿಸುವ ಯೋಜನೆ ಹಾಕಿದರು. ನಡೆಯಲಿಲ್ಲ. ಊರಿನ ಸಗಣಿ ಅಷ್ಟೂ ಮನೆಯ ಅಡುಗೆಗೆ ಸಾಲುತ್ತಿರಲಿಲ್ಲ. ಅಲ್ಲಿಗೆ ಫೈಲ್ ಮುಚ್ಚಿದ್ದರೆ ಅದೂ ಒಂದು ವಿಫಲ ಪ್ರಾಜೆಕ್ಟ್ ಆಗಿ ಕಪಾಟು ಸೇರುತ್ತಿತ್ತು. ಆದರೆ ಅವರು ಊರಿನವರ ಜೊತೆ ಮತ್ತೆ ಕೂತರು. ಒಲೆಗಿಂತ ಮೊದಲು ಬೇಕಾದದ್ದು ನೀರು ಅಂತ ಗೊತ್ತಾಯಿತು. ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟು ಮಾಡಿ, 1987ರ ಹೊತ್ತಿಗೆ ಮನೆಮನೆಗೆ ಕೊಳವೆ ನೀರು, ದೀಪ ಕೊಟ್ಟರು. ಅವರಿಗೆ ಎರಡನೇ ಸಲ ಮಾಡಿ ನೋಡುವುದಕ್ಕೆ ದುಡ್ಡೂ ಇತ್ತು, ಸಮಯವೂ ಇತ್ತು. ನಮ್ಮ ಮಕ್ಕಳಿಗೆ 900 ರೂಪಾಯಿಗೂ ದಾರಿ ಇಲ್ಲ.

ರಾಜ್ಯಕ್ಕೆ ಈ ದಾರಿ ಹೊಸದೂ ಅಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಶುರುವಾದದ್ದು 1975ರಲ್ಲಿ. 1977ರಿಂದ ಅದು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತಾ ಬಂದಿದೆ. ನಾನು ಹೇಳುತ್ತಿರುವ ದೂರು ಆ ಮಂಡಳಿಯ ಮೇಲಲ್ಲ, ದಯವಿಟ್ಟು ಹಾಗೆ ಓದಬೇಡಿ. ಕೇಂದ್ರದ ಉನ್ನತ್ ಭಾರತ್ ಅಭಿಯಾನ 2014ರಲ್ಲಿ ಬಂತು, ಕಾಲೇಜುಗಳು ಐದೈದು ಹಳ್ಳಿ ದತ್ತು ತೆಗೆದುಕೊಂಡವು. ಎನ್ನೆಸ್ಸೆಸ್ ಅಂತೂ 1969ರಿಂದ ಇದೆ. ಹಳ್ಳಿಗೆ ಹೋಗಿ ಅಂತ ಹೇಳುವವರಿಗೆ ಕೊರತೆ ಇಲ್ಲ. ನಮ್ಮ ಬಿ.ಇ. ಮಕ್ಕಳು ಡಿಗ್ರಿ ಪಡೆಯಬೇಕಾದರೆ 100 ಆ್ಯಕ್ಟಿವಿಟಿ ಪಾಯಿಂಟ್ ಸಂಪಾದಿಸಬೇಕು, ಅದರಲ್ಲಿ ಹಳ್ಳಿ ಕೆಲಸವೂ ಸೇರಿದೆ. ಪಾಯಿಂಟ್ ಇದೆ, ಪೈಸೆ ಇಲ್ಲ. ಹಾಗಾಗಿ ಏನಾಗುತ್ತದೆ? ಬ್ಯಾನರ್ ಕಟ್ಟಿ, ಪೊರಕೆ ಹಿಡಿದು, ಫೋಟೋ ತೆಗೆಸಿಕೊಂಡು ಬರುತ್ತಾರೆ. ಒಂದು ಶಾಲೆಯ ಹಿಂದೆ ಒಂದೇ ಗುಂಡಿಯಲ್ಲಿ ಮೂರು ವರ್ಷ ಸಸಿ ನೆಟ್ಟದ್ದನ್ನು ನಾನೇ ನೋಡಿದ್ದೇನೆ. ಮಕ್ಕಳನ್ನು ಬೈಯಲಾರೆ. ಸಸಿ ಪುಕ್ಕಟೆ ಸಿಗುತ್ತದೆ, ಬೇಲಿ ಹಾಕಲು ದುಡ್ಡು ಬೇಕು.

ನಾನು ಹೆಚ್ಚು ದುಡ್ಡು ಕೊಡಿ ಅಂತ ಕೇಳುತ್ತಿಲ್ಲ. ಕೊಡುವುದನ್ನು ಹೊತ್ತಿಗೆ ಕೊಡಿ ಅಂತಷ್ಟೇ. ಸರ್ಕಾರದ ವರ್ಷ ಏಪ್ರಿಲಿಗೆ ಶುರುವಾಗಿ ಮಾರ್ಚಿಗೆ ಮುಗಿಯುತ್ತದೆ. ಕಾಲೇಜಿನ ವರ್ಷ ಮಳೆಗಾಲದಲ್ಲಿ ಶುರುವಾಗುತ್ತದೆ. ಹಳ್ಳಿಯ ವರ್ಷ ಬೇರೆಯೇ ಇದೆ, ಅದು ಬಿತ್ತನೆ, ಸುಗ್ಗಿ, ಜಾತ್ರೆ ನೋಡಿಕೊಂಡು ನಡೆಯುತ್ತದೆ. ಮೂರೂ ಒಂದಾಗಲಿ ಅಂದರೆ ಆಗದ ಮಾತು. ಆದರೆ ಅರ್ಧ ದುಡ್ಡನ್ನು ಸೆಪ್ಟೆಂಬರಿನೊಳಗೆ ಮುಂಗಡವಾಗಿ ಕಾಲೇಜಿನ ಖಾತೆಗೆ ಹಾಕಬಹುದು. ಉಳಿದದ್ದನ್ನು, ಆ ಊರಿನವರು ಯಂತ್ರವನ್ನು ಓಡಿಸಿ ನೋಡಿದ ಮೇಲೆ ಕೊಡಿ. ಮಾರ್ಚ್ 31ಕ್ಕೆ ಮಿಕ್ಕ ದುಡ್ಡು ವಾಪಸ್ ಹೋಗದೆ ಮುಂದಿನ ತಂಡದ ಕೈಗೆ ಹೋಗಲಿ, ಅದೇ ಕೆಲಸಕ್ಕೆ.

ಚೀಟಿ ವಿಷಯದಲ್ಲಿ ನಿಮಗೆ ಆಡಿಟ್‌ನವರ ಭಯ ಇರುವುದು ಸಹಜ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳನ್ನೇ ನೋಡಿ. ಅವು ಬಂದಾಗಲೇ 154ನೇ ನಿಯಮದಲ್ಲಿ 25,000 ರೂಪಾಯಿವರೆಗಿನ ವಸ್ತುಗಳನ್ನು ಕೊಟೇಶನ್ ಇಲ್ಲದೆ, ಅಧಿಕಾರಿಯ ಒಂದು ಪ್ರಮಾಣಪತ್ರದ ಮೇಲೆ ಕೊಳ್ಳಲು ಬಿಟ್ಟಿದ್ದರು. ಅಷ್ಟು ನಂಬಿಕೆಯನ್ನು ಅಧಿಕಾರಿಯ ಮೇಲೆ ಇಡಬಹುದಾದರೆ, 5,000 ರೂಪಾಯಿವರೆಗಿನ ಲೇತ್ ಕೆಲಸ, ಗುಜರಿ ಸಾಮಾನಿಗೆ ಗೈಡ್ ಮತ್ತು ವಿದ್ಯಾರ್ಥಿ ಇಬ್ಬರೂ ಸಹಿ ಹಾಕಿದ ವೋಚರ್ ಸಾಕು ಅಂತ ಒಂದು ಸುತ್ತೋಲೆ ಹೊರಡಿಸಲಾಗದೆ? ಅನುಮಾನ ಬಂದರೆ ಆಡಿಟ್‌ನವರು ಬಂದು ಯಂತ್ರ ನೋಡಲಿ. ಬಿಲ್ಲನ್ನು ಎಷ್ಟು ಹೊತ್ತು ನೋಡಿದರೂ ರೋಲರ್ ತಿರುಗುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು, ಇದಕ್ಕೆ ಖರ್ಚೇ ಇಲ್ಲ. ಪ್ರಾಜೆಕ್ಟ್ ಆಯ್ಕೆ ಮಾಡುವ ಸಮಿತಿಯಲ್ಲಿ ನನ್ನಂಥ ಪ್ರೊಫೆಸರುಗಳೇ ತುಂಬಿರುತ್ತೇವೆ. ಊರಿಗಾಗಿ ಮಾಡುವ ಕೆಲಸ ಅಂದ ಮೇಲೆ ಆ ಊರಿನವರು ಒಬ್ಬರಾದರೂ ಅಲ್ಲಿರಲಿ. ಆ ಅಜ್ಜಿ ಸೆಪ್ಟೆಂಬರಿನಲ್ಲೇ ನಮ್ಮ ಡ್ರಾಯಿಂಗ್ ಮುಂದೆ ಕೂತಿದ್ದರೆ, ರೋಲರ್ ಕಡೆಸುವ ಮೊದಲೇ ಹೇಳಿಬಿಡುತ್ತಿದ್ದರು. ಓಡಾಟದ ಬಸ್ ಖರ್ಚೂ ಬೇಡ. ಹೆಂಗಸರಿಗೆ ನಿಮ್ಮ ಸರ್ಕಾರದ ಬಸ್ ಫ್ರೀ ಇದೆಯಲ್ಲ.

ಈ ವರ್ಷದ ತಂಡದ ಮೂವರು ಹುಡುಗರು ಟಾರ್ಪಾಲು ತೆಗೆದು ಯಂತ್ರ ಬಿಚ್ಚಿದ್ದಾರೆ. ಸ್ಕ್ರೂ ಕೂರಿಸುವ 900 ರೂಪಾಯಿ ನಾನೇ ಕೊಟ್ಟಿದ್ದೇನೆ, ಅದರ ಬಿಳಿ ಚೀಟಿ ನನ್ನ ಜೇಬಿನಲ್ಲಿದೆ, ಯಾರಿಗೂ ಕಳಿಸುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಆ ಊರಿಗೆ ಹೋಗುತ್ತೇವೆ. ನೀವೂ ಒಂದು ದಿನ ಬನ್ನಿ, ಜಗಲಿ ಮೇಲೆ ಕೂರಲು ಜಾಗ ಇದೆ. ಬರುವುದಾದರೆ ಫೆಬ್ರವರಿಯಲ್ಲಿ ಬನ್ನಿ. ಮಾರ್ಚ್ ಕೊನೆಗೆ ಬಂದರೆ ಹಣ್ಣು ಮುಗಿದಿರುತ್ತದೆ.

ಇತಿ ತಮ್ಮ ವಿಶ್ವಾಸಿ,
ತುಮಕೂರು ಜಿಲ್ಲೆಯ ಒಬ್ಬ ಕಾಲೇಜು ಮೇಷ್ಟ್ರು