ಭೂಕಂಪದ ಪರಿಮಾಣವೇ ಬೇರೆ, ತೀವ್ರತೆಯೇ ಬೇರೆ

ಮಾನ್ಯ ಸಂಪಾದಕರೇ,

ಭೂಮಿ ನಡುಗಿದ ಸುದ್ದಿ ಬಂದಾಗಲೆಲ್ಲ ‘ರಿಕ್ಟರ್ ಮಾಪಕದಲ್ಲಿ 6.2 ತೀವ್ರತೆ ದಾಖಲಾಗಿದೆ’ ಎಂಬ ಒಂದೇ ಅಚ್ಚಿನ ವಾಕ್ಯವನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಇಂಗ್ಲಿಷಿನಲ್ಲಿ ಮ್ಯಾಗ್ನಿಟ್ಯೂಡ್, ಇಂಟೆನ್ಸಿಟಿ ಎಂಬ ಎರಡು ಪದಗಳಿದ್ದು, ಭೂಕಂಪಶಾಸ್ತ್ರದಲ್ಲಿ ಅವುಗಳ ಅರ್ಥ ಸ್ಪಷ್ಟವಾಗಿ ಬೇರೆ ಬೇರೆ. ಕನ್ನಡಕ್ಕೆ ಬರುವಾಗ ಮಾತ್ರ ಎರಡೂ ‘ತೀವ್ರತೆ’ಯೇ ಆಗಿಬಿಡುತ್ತವೆ.

ಮ್ಯಾಗ್ನಿಟ್ಯೂಡ್ ಎಂಬುದು ಭೂಕಂಪವು ತನ್ನ ಮೂಲದಲ್ಲಿ ಎಷ್ಟು ದೊಡ್ಡದೆಂಬುದರ ಅಳತೆ. ಒಂದು ಭೂಕಂಪಕ್ಕೆ ಒಂದೇ ಅಂಕಿ. ಕೇಂದ್ರದ ಬಳಿಯ ಊರಿಗೂ ನೂರಾರು ಕಿಲೋಮೀಟರ್ ಆಚೆಯ ಊರಿಗೂ ಅದು ಬದಲಾಗದು. 1935ರಲ್ಲಿ ಚಾರ್ಲ್ಸ್ ರಿಕ್ಟರ್ ರೂಪಿಸಿದ ಲೆಕ್ಕದಲ್ಲಿ ಅಂಕಿ ಒಂದು ಏರಿದರೆ ನಡುಕ ದಾಖಲಿಸುವ ಯಂತ್ರ ಬರೆಯುವ ಅಲೆಯ ಎತ್ತರ 10 ಪಟ್ಟಾಗುತ್ತದೆ, ಹೊಮ್ಮುವ ಶಕ್ತಿ ಸುಮಾರು 32 ಪಟ್ಟಾಗುತ್ತದೆ. (‘ಮಾಪಕ’ ಎಂಬ ಪದದಿಂದಾಗಿ ರಿಕ್ಟರ್ ಎಂಬುದೊಂದು ಯಂತ್ರವೆಂದೇ ನಂಬಿದವರು ಬಹಳ. ಅದು ಲೆಕ್ಕದ ಕ್ರಮ ಮಾತ್ರ. ಅದೂ ಹಳತಾಗಿ, ದೊಡ್ಡ ಭೂಕಂಪಗಳಿಗೆ ಈಗ ಭೂಕಂಪಶಾಸ್ತ್ರಜ್ಞರಾದ ಹ್ಯಾಂಕ್ಸ್ ಮತ್ತು ಕನಮೋರಿ 1979ರಲ್ಲಿ ಮಂಡಿಸಿದ ‘ಮೊಮೆಂಟ್ ಮ್ಯಾಗ್ನಿಟ್ಯೂಡ್’ ಎಂಬ ಲೆಕ್ಕ ಬಳಕೆಯಲ್ಲಿದೆ.)

ಇಂಟೆನ್ಸಿಟಿ, ಎಂದರೆ ನಿಜವಾದ ತೀವ್ರತೆಯಾದರೋ, ಆಯಾ ಜಾಗದಲ್ಲಿ ನೆಲ ಎಷ್ಟು ಅಲುಗಿತು, ಅಲ್ಲಿನ ಜನರಿಗೂ ಕಟ್ಟಡಗಳಿಗೂ ಏನಾಯಿತು ಎಂಬುದರ ಅಳತೆ. ಪರಿಷ್ಕೃತ ಮೆರ್ಕಾಲಿ ಶ್ರೇಣಿಯಲ್ಲಿ ಇದಕ್ಕೆ 12 ಹಂತಗಳಿವೆ: ಮೂರನೆಯದರಲ್ಲಿ ಮನೆಯೊಳಗೆ ಕುಳಿತವರಿಗೆ ಲಾರಿಯೊಂದು ಪಕ್ಕದಲ್ಲೇ ಹಾದುಹೋದಂತೆ ಅನಿಸುತ್ತದೆ, ಐದನೆಯದರಲ್ಲಿ ಮಲಗಿದ್ದವರು ಎಚ್ಚೆತ್ತು ಪಾತ್ರೆಗಳು ಉರುಳುತ್ತವೆ, ಆರಕ್ಕೆ ಬಂದರೆ ಭಾರದ ಪೀಠೋಪಕರಣಗಳೇ ಜರುಗಿ ಅಲ್ಲಲ್ಲಿ ಗಾರೆ ಉದುರುತ್ತದೆ. ದೂರ, ಆಳ, ಮಣ್ಣಿನ ಗುಣಗಳಿಗೆ ತಕ್ಕಂತೆ ಒಂದೇ ಭೂಕಂಪಕ್ಕೆ ಊರಿಗೊಂದು ತೀವ್ರತೆ ಇರುತ್ತದೆ. 1985ರಲ್ಲಿ ಮೆಕ್ಸಿಕೊದ ಪೆಸಿಫಿಕ್ ಕರಾವಳಿಯಲ್ಲಿ ಮ್ಯಾಗ್ನಿಟ್ಯೂಡ್ 8.0ರ ಭೂಕಂಪವಾದಾಗ, ಅಲ್ಲಿಂದ 350 ಕಿಲೋಮೀಟರಿಗೂ ದೂರದ ಮೆಕ್ಸಿಕೊ ನಗರದಲ್ಲಿ, ಬತ್ತಿದ ಕೆರೆಯಂಗಳದ ಮೆತ್ತನೆಯ ಜೇಡಿಯ ಮೇಲೆ ನಿಂತಿದ್ದ ಕಟ್ಟಡಗಳು ಕುಸಿದು ಸಾವಿರಾರು ಜನ ಸತ್ತರು. ಅದೇ ನಗರದ ಗಟ್ಟಿ ಬಂಡೆಯ ನೆಲದ ಮೇಲಿನ ಬಡಾವಣೆಗಳಿಗೆ ಹೆಚ್ಚಿನ ಹಾನಿಯಾಗಲಿಲ್ಲ. ಇದನ್ನು ‘8 ತೀವ್ರತೆ’ ಎಂದು ಬರೆದರೆ ಯಾವ ಬಡಾವಣೆಯ ತೀವ್ರತೆ ಎಂದು ಓದುಗ ತಿಳಿಯಬೇಕು?

ಮ್ಯಾಗ್ನಿಟ್ಯೂಡ್‌ಗೆ ‘ಪರಿಮಾಣ’ ಎಂಬ ಪದ ನಮ್ಮ ವಿಜ್ಞಾನ ಬರವಣಿಗೆಯಲ್ಲಿ ಈಗಾಗಲೇ ಇದೆ. ಆದ್ದರಿಂದ ‘6.2 ಪರಿಮಾಣದ ಭೂಕಂಪ’ ಎಂದು ಬರೆದು, ‘ತೀವ್ರತೆ’ಯನ್ನು ಆಯಾ ಊರಿನ ನಡುಕಕ್ಕಷ್ಟೇ ಬಳಸುವಂತೆ ತಮ್ಮ ಸುದ್ದಿ ವಿಭಾಗಕ್ಕೆ ಸೂಚಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ