ಹಳೆಯ ಹಾಡು ಉಳಿಯಬೇಕಾದರೆ ಮುಳ್ಳು ಸರಿಯಿರಲಿ

ಮಾನ್ಯ ಸಂಪಾದಕರೇ,

1950–60ರ ದಶಕದ ಚಿತ್ರಗೀತೆಗಳನ್ನು ಹಳೆಯ ಗ್ರಾಮಫೋನ್ ತಟ್ಟೆಗಳಿಂದ ಕಂಪ್ಯೂಟರಿಗೆ ಇಳಿಸುವವರು ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಆದರೆ ಬಹಳಷ್ಟು ಹಾಡುಗಳು ಕೇಳಲಾರದಷ್ಟು ಕೆಟ್ಟಿರುತ್ತವೆ. ಎಷ್ಟೋ ಸಲ ತಪ್ಪು ತಟ್ಟೆಯದಲ್ಲ, ಅದರ ಮೇಲೆ ಓಡುವ ಮುಳ್ಳಿನದು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯಲ್ಲಿ ಹಾಡು ಕೊರೆದಿರುವ ಗೀರು ಅಗಲ. ಅದಕ್ಕೆ ಸುಮಾರು 75 ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಮುಳ್ಳು ಬೇಕು. ಎಲ್‌ಪಿಯ, ಅಂದರೆ ನಿಧಾನವಾಗಿ ತಿರುಗುವ ಕಿರಿದಾದ ಗೀರಿನ ತಟ್ಟೆಯ, 25 ಮೈಕ್ರಾನ್ ಮುಳ್ಳು ಹಾಕಿದರೆ ಅದು ಗೀರಿನ ತಳಕ್ಕಿಳಿದು ಧೂಳನ್ನೇ ಕೆರೆಯುತ್ತದೆ, ಹಾಡಿಗಿಂತ ಸರಸರ ಸದ್ದೇ ಜಾಸ್ತಿ. ಕೀಲಿ ಕೊಡುವ ಹಳೆಯ ಪೆಟ್ಟಿಗೆಯಲ್ಲಿ ಬೆಲೆಬಾಳುವ ತಟ್ಟೆ ಹಾಕಲೇಬೇಡಿ. ಹಾಕಿದರೂ ಉಕ್ಕಿನ ಮುಳ್ಳನ್ನು ಪ್ರತಿ ಮಗ್ಗುಲಿಗೂ ಬದಲಿಸಿ.

ಈ ತಟ್ಟೆಗಳು ಅರಗಿನವು. ಸ್ಪಿರಿಟ್ ತಾಗಿದರೆ ಅರಗು ಕರಗಿ ಹಾಡೇ ಹೋಗುತ್ತದೆ! ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆದು, ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಸೌಮ್ಯ ಸೋಪು ಬೆರೆಸಿ ಒರೆಸಿ, ಕೂಡಲೇ ಒಣಗಿಸಿ. ಲೇಬಲ್ ಒದ್ದೆಯಾಗಬಾರದು. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ.

ಸದ್ದು ಕಳೆಯುವ ಸಾಫ್ಟ್‌ವೇರನ್ನು ಅತಿಯಾಗಿ ಬಳಸಿದರೆ ಕೊಳಲು, ಪಿಟೀಲಿನ ಮೇಲುಸ್ವರ, ಗಾಯಕಿಯ ‘ಸ’ಕಾರ, ‘ಶ’ಕಾರ ಎಲ್ಲವೂ ಮಂಕಾಗುತ್ತವೆ. ಮೊದಲು ತಿದ್ದದ ಒಂದು ಪ್ರತಿಯನ್ನು ತೆಗೆದಿಡಿ.

ಲೇಬಲ್ಲಿನ ಫೋಟೋ, ತಟ್ಟೆಯ ನಂಬರು ಎರಡನ್ನೂ ಜೊತೆಗಿಡಿ. ಲೇಬಲ್ಲನ್ನೂ ಕಣ್ಮುಚ್ಚಿ ನಂಬುವಂತಿಲ್ಲ: 1949ರ ‘ಮಹಲ್’ ಚಿತ್ರದ ‘ಆಯೇಗಾ ಆನೇವಾಲಾ’ ತಟ್ಟೆಯಲ್ಲಿ ಲತಾ ಮಂಗೇಶ್ಕರ್ ಹೆಸರಿನ ಬದಲು ಪಾತ್ರದ ಹೆಸರು ‘ಕಾಮಿನಿ’ ಎಂದೇ ಅಚ್ಚಾಗಿತ್ತು.

— ಒಬ್ಬ ಓದುಗ, ಮೈಸೂರು