ಗೊಂಬೆಗಳನ್ನು ಪಾರ್ಕಿಗೆ ಸಾಗಿಸಬೇಡಿ: ನಗರಸಭೆ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ಮುಚ್ಚಿದ ನೂಲಿನ ಗಿರಣಿಯ ಕಟ್ಟಡ ಅಪಾಯಕಾರಿ ಎಂಬ ಭಯದಿಂದ ಒಳಗಿನ ಕಲಾಕೃತಿಯನ್ನು ತೆರವು ಮಾಡಿ, ಅದರ ಗೊಂಬೆಗಳನ್ನು ಪಾರ್ಕಿನಲ್ಲಿ ನಿಲ್ಲಿಸುವ ಯೋಚನೆ ನಿಮ್ಮ ಮುಂದಿದೆ. ದಯವಿಟ್ಟು ಕೈಬಿಡಿ.

ಅವು ಬಟ್ಟೆ ಅಂಗಡಿಗಳು ಬಿಸಾಡಿದ ಗೊಂಬೆಗಳು. ಕೆಲವಕ್ಕೆ ಕೈಯಿಲ್ಲ, ಕೆಲವಕ್ಕೆ ತಲೆಯೇ ಇಲ್ಲ. ಕಲಾವಿದರು ರಿಪೇರಿ ಮಾಡಿಲ್ಲ, ಬಣ್ಣ ಬಳಿದಿಲ್ಲ. ಯಂತ್ರ ಕಿತ್ತ ಮೇಲೂ ನೆಲದಲ್ಲಿ ಬೋಲ್ಟುಗಳು ಉಳಿದಿವೆಯಲ್ಲ, ಆ ಸಾಲುಗಳ ನಡುವೆ ನಿಲ್ಲಿಸಿದ್ದಾರೆ, ಅಷ್ಟೇ. ನೂಲು ತೆಗೆಯುವ ಯಂತ್ರಗಳಾದ ರಿಂಗ್ ಫ್ರೇಮ್‌ಗಳ ಆ ಸಂದಿನಲ್ಲೇ ಕಾರ್ಮಿಕರು ಹರಿದ ಎಳೆ ಜೋಡಿಸುತ್ತಾ ಶಿಫ್ಟ್ ಪೂರ್ತಿ ಓಡಾಡುತ್ತಿದ್ದರು. ಬಟ್ಟೆ ತೊಟ್ಟು ನಿಲ್ಲಲೆಂದೇ ಮಾಡಿದ ಗೊಂಬೆ, ಬಟ್ಟೆಗೆ ನೂಲು ತೆಗೆದ ಜಾಗದಲ್ಲಿ ಬರಿಮೈಯಲ್ಲಿ ನಿಂತಿದೆ. ಪಾರ್ಕಿನಲ್ಲಿ ಈ ಅರ್ಥ ಹುಟ್ಟುವುದಿಲ್ಲ. ಅಲ್ಲಿ ಅವು ಸೆಲ್ಫಿಗೆ ಸಿಗುವ ಮುರುಕು ಗೊಂಬೆಗಳು, ಅಲ್ವಾ?

2014ರಲ್ಲಿ ಅಮೆರಿಕದ ಕಲಾವಿದೆ ಕಾರಾ ವಾಕರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಮುಚ್ಚಿಹೋಗಿದ್ದ ಡೊಮಿನೊ ಸಕ್ಕರೆ ಕಾರ್ಖಾನೆಯೊಳಗೆ ಬಿಳಿ ಸಕ್ಕರೆ ಮೆತ್ತಿದ, ಸಿಂಹದಂತೆ ಕೂತ ಹೆಣ್ಣಿನ ದೊಡ್ಡ ಸ್ಫಿಂಕ್ಸ್ ವಿಗ್ರಹ ನಿಲ್ಲಿಸಿದ್ದರು. ಕಬ್ಬಿನ ಗದ್ದೆಗಳಲ್ಲಿ ದುಡಿದ ಗುಲಾಮರ ಕಥೆ ಅದು. ಹಳೆಯ ಕಾಕಂಬಿ ಹತ್ತಿದ್ದ ಆ ಗೋಡೆಗಳ ನಡುವೆ ಇದ್ದದ್ದಕ್ಕೇ ಅದಕ್ಕೆ ಅಷ್ಟು ತೂಕ ಬಂತು.

ಚಂಡೀಗಡದ ರಾಕ್ ಗಾರ್ಡನ್‌ನಲ್ಲಿ ನೇಕ್ ಚಂದ್ ಮಾಡಿದ ಗೊಂಬೆಗಳು ಬಯಲಲ್ಲೇ ಇಲ್ವಾ ಅಂತ ನೀವು ಕೇಳಬಹುದು. ಇವೆ. ಆದರೆ ಅವು ಸಿಮೆಂಟಿಗೆ ಬಳೆ ಚೂರು, ಪಿಂಗಾಣಿ ಚೂರು ಕೂರಿಸಿ ಮಾಡಿದವು. ನಮ್ಮವು ಫೈಬರ್‌ಗ್ಲಾಸ್. ಬಿಸಿಲಿಗೆ ಮೇಲ್ಪದರ ಪುಡಿಪುಡಿಯಾಗುತ್ತದೆ, ಒಳಗಿನ ಗಾಜಿನ ಎಳೆ ಹೊರಬಂದು ಮಕ್ಕಳ ಕೈಗೆ ಚುಚ್ಚುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಕರಗಿಸಿ ಬೇರೇನೋ ಮಾಡೋಣ ಅಂದರೆ ಅದೂ ಆಗುವುದಿಲ್ಲ. ಕೊನೆಗೆ ಕಸದ ಗುಡ್ಡಕ್ಕೇ ಹೋಗಬೇಕು. ಅಂದಹಾಗೆ, ನೇಕ್ ಚಂದ್ ಅನುಮತಿಯೇ ಇಲ್ಲದೆ ಸರ್ಕಾರಿ ಜಾಗದಲ್ಲಿ ಗುಟ್ಟಾಗಿ ಕಟ್ಟಿದ್ದು ಆ ರಾಕ್ ಗಾರ್ಡನ್ ಅನ್ನು. ಗೊತ್ತಾದ ಮೇಲೂ ಅಧಿಕಾರಿಗಳು ಕೆಡವಲಿಲ್ಲ. 1976ರಲ್ಲಿ ಜನರಿಗೆ ತೆರೆದರು.

ಕಟ್ಟಡದ ಬಗ್ಗೆ ನಿಮ್ಮ ಭಯ ಸುಮ್ನೆ ಅಲ್ಲ. ಚಾವಣಿ ಕಲ್ನಾರಿನ ಶೀಟಿನದು. ಒಡೆದರೆ ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಹಾಗಾಗಿ ಮೊದಲು ಎಂಜಿನಿಯರ್‌ಗಳಿಂದ ತಪಾಸಣೆ ಮಾಡಿಸಿ, ವರದಿಯನ್ನು ಎಲ್ಲರಿಗೂ ತೋರಿಸಿ. ಅಲ್ಲಿಯವರೆಗೆ ಬಾಗಿಲು ಹಾಕಿದರೂ ನಮ್ಮ ತಕರಾರಿಲ್ಲ. ಕಟ್ಟಡ ಉಳಿಯುವುದೇ ಇಲ್ಲ ಅಂತಾದರೆ, ಗೊಂಬೆಗಳನ್ನು ಏನು ಮಾಡಬೇಕೆಂದು ಕಲಾವಿದರನ್ನೇ ಕೇಳಿ. ಟೆಂಡರ್ ಕರೆಯುವ ಮೊದಲೇ ಕೇಳಿ.

ಇಂತಿ,
ಒಬ್ಬ ನಾಗರಿಕ